ರಕ್ತಭೇದಿ: ಶೆಡ್ಡಿನ ವಿದ್ಯೆ, ಹಿತ್ತಲ ಮರಿ

ನಾಟಿ ಕೋಳಿಗೆ ರೋಗವೇ ಬರುವುದಿಲ್ಲ ಎಂಬ ಮಾತು ಈಚಿನ ವರ್ಷಗಳಲ್ಲಿ ಬಲು ಜೋರಾಗಿದೆ. ಊರಿಗೆ ಮರಳಿ ಕೋಳಿ ಸಾಕಲು ಹೊರಟವರೂ ಹಾಗೆನ್ನುತ್ತಾರೆ, ಅವರಿಗೆ ಮರಿ ಮಾರುವವರಂತೂ ಸರಿಯೇ ಸರಿ. ನಂಬಿದವರು ನೂರು ಮರಿ ತಂದು ಖಾಲಿ ಬಿದ್ದ ದನದ ಕೊಟ್ಟಿಗೆಯಲ್ಲಿ ಬಿಡುತ್ತಾರೆ. ನಾಲ್ಕನೆಯ ವಾರಕ್ಕೆ ಹೊಟ್ಟಿನ ಮೇಲೆ ರಕ್ತ ಕಾಣುತ್ತದೆ. ಆಗ ಅರಿಶಿನ, ಬೆಳ್ಳುಳ್ಳಿ, ಕೊನೆಗೆ ಅಂಗಡಿಯವರು ಕೊಟ್ಟ ಹಳದಿ ಪುಡಿ. ಕೋಳಿಮರಿಯ ಕರುಳಿನ ಬಗ್ಗೆ ನೂರು ವರ್ಷಕ್ಕೂ ಮೀರಿದ ತಿಳಿವಳಿಕೆ ನಮ್ಮಲ್ಲಿದೆ. ಅದು ಹಿತ್ತಿಲವರೆಗೆ ಬರಲಿಲ್ಲವೆಂದರೆ ಕಾರಣವನ್ನು ಆ ತಿಳಿವಳಿಕೆ ಬೆಳೆದ ರೀತಿಯಲ್ಲೇ ಹುಡುಕಬೇಕು.

ಆರಂಭದ ಕಥೆ ಚಿಕ್ಕದು. ಡಚ್ ವರ್ತಕ ಲೇವನ್‌ಹುಕ್ 1674ರಲ್ಲಿ ಮೊಲದ ಪಿತ್ತರಸದಲ್ಲಿ ಕಂಡ ಮೊಟ್ಟೆಯಾಕಾರದ ಕಣಗಳು ರಕ್ತಭೇದಿ ತರುವ ಪರಜೀವಿಯ ಕುಲದವೇ ಇರಬೇಕೆಂದು ವಿದ್ವಾಂಸರು ಒಪ್ಪುತ್ತಾರೆ. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಐಮರ್ ಹೆಸರಿನಿಂದ ಕುಲಕ್ಕೆ ಐಮೇರಿಯಾ ಎಂಬ ಹೆಸರಾಯಿತು. ಕೋಳಿಮರಿಯ ಕುರುಡು ಕರುಳಿನಲ್ಲಿ ರಕ್ತ ಹರಿಸುವ ಐಮೇರಿಯಾ ಟೆನೆಲ್ಲಾವನ್ನು 1891ರಲ್ಲಿ ಫ್ರಾನ್ಸಿನ ರೈಯೆ ಮತ್ತು ಲ್ಯೂಸೆ ವಿವರಿಸಿದರು. ಹತ್ತು ವರ್ಷದೊಳಗೆ ಅಮೆರಿಕದ ರೆಟ್ಗರ್, ಎಳೆ ಮರಿಗಳನ್ನು ಕೊಲ್ಲುವ ಬಿಳಿ ಭೇದಿಯ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಅದು ಹೇಂಟೆಯ ಅಂಡಾಶಯದಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ದಾಟುತ್ತದೆಂದು ತಿಳಿದ ಮೇಲೆ ಹೇಂಟೆಗಳ ರಕ್ತ ಪರೀಕ್ಷಿಸಿ ಸೋಂಕಿನವನ್ನು ತೆಗೆಯುವ ಪದ್ಧತಿ ಬಂತು. ದೊಡ್ಡ ಹ್ಯಾಚರಿಗಳು ಬಿಳಿ ಭೇದಿಯಿಂದ ಪಾರಾದದ್ದು ಔಷಧಿಯಿಂದಲ್ಲ, ಈ ಜರಡಿಯಿಂದ. ಹಿತ್ತಲ ಹೇಂಟೆಯ ರಕ್ತವನ್ನು ಅಂದೂ ಯಾರೂ ನೋಡಲಿಲ್ಲ, ಇಂದೂ ನೋಡುವುದಿಲ್ಲ.

ನಿಜವಾದ ಶಾಸ್ತ್ರ ಹುಟ್ಟಿದ್ದು ಹಾರ್ವರ್ಡಿನ ಅರ್ನೆಸ್ಟ್ ಟಿಜ್ಜರ್ ಕೈಯಲ್ಲಿ. ಅಲ್ಲಿಯವರೆಗೆ ಒಂದೇ ಎಂದುಕೊಂಡಿದ್ದ ಐಮೇರಿಯಾ ರೋಗ ಹಲವು ಪ್ರಭೇದಗಳ ಕೆಲಸವೆಂದೂ, ಒಂದೊಂದೂ ಕರುಳಿನ ಒಂದೊಂದು ಭಾಗವನ್ನು ಹಿಡಿಯುತ್ತದೆಂದೂ, ಒಂದರ ವಿರುದ್ಧ ಬೆಳೆದ ಪ್ರತಿರೋಧ ಇನ್ನೊಂದಕ್ಕೆ ನಾಟುವುದಿಲ್ಲವೆಂದೂ ಅವರು 1929ರಲ್ಲಿ ತೋರಿಸಿದರು. ಆರೆಗಾನ್‌ನ ಡಬ್ಲ್ಯೂ. ಟಿ. ಜಾನ್ಸನ್ ಅದೇ ಕಾಲದಲ್ಲಿ, ಸ್ವಲ್ಪ ಸ್ವಲ್ಪವೇ ಸೋಂಕು ತಗುಲಿದ ಮರಿ ಮುಂದೆ ಗಟ್ಟಿಯಾಗುತ್ತದೆ ಎಂದರು. ಹಿತ್ತಲ ಕೋಳಿಗೆ ಇದಕ್ಕಿಂತ ಬೇಕಾದ ಮಾತು ಇನ್ನೊಂದಿರಲಿಲ್ಲ. ಆದರೆ ಉದ್ಯಮದ ಕಿವಿ ಬೇರೆ ಕಡೆಗಿತ್ತು.

1939ರಲ್ಲಿ ಪಿ. ಪಿ. ಲೆವೈನ್ ಸಲ್ಫಾ ಔಷಧಿಗೆ ಈ ಪರಜೀವಿ ಬಗ್ಗುತ್ತದೆಂದು ಕಂಡರು. 1948ರಲ್ಲಿ ಸಲ್ಫಾಕ್ವಿನಾಕ್ಸಲಿನ್ ನೇರ ಮೇವಿಗೇ ಸೇರಿತು. ಅಲ್ಲಿಂದ ಮುಂದಿನ ನಾಲ್ಕು ದಶಕ ಔಷಧಿ ಕಂಪನಿಗಳದ್ದು. 1960ರಲ್ಲಿ ಆಂಪ್ರೋಲಿಯಂ, 1971ರಲ್ಲಿ ಮೊನೆನ್ಸಿನ್. ಶೆಡ್ಡಿನ ಮರಿ ಹುಟ್ಟಿದ ದಿನದಿಂದಲೇ ಔಷಧಿ ತಿನ್ನತೊಡಗಿತು, ರೋಗ ಕಾಣುವ ಪ್ರಮೇಯವೇ ಇಲ್ಲದಾಯಿತು. ಇದರ ಲೆಕ್ಕವೆಲ್ಲ ಮೇವು ತೂಗಿ ತಿನ್ನುವ, ನಲವತ್ತು ದಿನಕ್ಕೆ ಮಾರಾಟವಾಗುವ ಕೋಳಿಯದ್ದು. ರಾಗಿ, ನುಚ್ಚು, ತಿಪ್ಪೆಯ ಹುಳು ತಿನ್ನುವ ಮರಿಗೆ ಮೇವಿನೊಳಗಿನ ಔಷಧಿ ಏನು ಮಾಡೀತು?

ನಾನು ಕಲಿತದ್ದು ಕೋಳಿ ಕುಯ್ದು ನೋಡುವವರ ಪಂಥದಲ್ಲಿ. ಈಗ ಅದನ್ನು ಹಳೆಯ ಕಾಲದ್ದೆನ್ನುವವರಿದ್ದಾರೆ, ಇರಲಿ. 1970ರಲ್ಲಿ ಇನ್ನೊಬ್ಬ ಜಾನ್ಸನ್ ಮತ್ತು ರೀಡ್ ಕರುಳಿನ ಗಾಯಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಕ್ರಮ ಮುಂದಿಟ್ಟರು. ಔಷಧಿ ಪರೀಕ್ಷೆಗೆಂದು ಹುಟ್ಟಿದ ಕ್ರಮವದು, ನಮಗೆ ಅದೇ ಅಕ್ಷರಾಭ್ಯಾಸವಾಯಿತು. ಕತ್ತರಿಯೊಂದಿದ್ದರೆ ಸಾಕಿತ್ತು. ಆರಂಭದ ಕರುಳಿನ ಒಳಗೋಡೆಯಲ್ಲಿ ಅಡ್ಡಡ್ಡ ಬಿಳಿ ಗೆರೆಗಳಿದ್ದರೆ ಐಮೇರಿಯಾ ಅಸೆರ್ವುಲಿನಾ ಪ್ರಭೇದ. ನಡುಗರುಳು ಗಾಳಿ ತುಂಬಿದಂತೆ ಉಬ್ಬಿ, ಹೊರಗಿನಿಂದಲೇ ಬಿಳಿ ಕೆಂಪು ಚುಕ್ಕೆ ಕಂಡರೆ ನೆಕಾಟ್ರಿಕ್ಸ್. ಜೋಡಿ ಕುರುಡು ಕರುಳು ಕಡುಗೆಂಪಾಗಿ ಊದಿ, ಸೀಳಿದಾಗ ಹಸಿ ರಕ್ತ ಸುರಿದರೆ ಟೆನೆಲ್ಲಾ. ಎರಡು ದಿನ ಹೆಚ್ಚು ಬದುಕಿದ ಮರಿಯಲ್ಲಿ ಅದೇ ರಕ್ತ ಗಿಣ್ಣಿನಂತೆ ಗಟ್ಟಿಯಾಗಿ ಕುರುಡು ಕರುಳಿನ ಅಚ್ಚು ಹೊಯ್ದಂತಿರುತ್ತದೆ.

“ನಿನ್ನೆ ಸಂಜೆ ಚೆನ್ನಾಗೇ ಮೇಯ್ತಿತ್ತು ಸಾರ್, ಬೆಳಿಗ್ಗೆ ನೋಡಿದ್ರೆ ಹೋಗ್ಬಿಟ್ಟಿದೆ” ಎನ್ನುತ್ತ ಹೆಂಗಸರು ಚೀಲದಲ್ಲಿ ಮರಿ ತರುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಪರಜೀವಿಯ ಎರಡನೆಯ ಪೀಳಿಗೆ ಗೋಡೆಯ ಆಳದಲ್ಲಿ ಬಲಿತು ಒಡೆಯುವುದು ಸೋಂಕಿನ ನಾಲ್ಕೈದನೆಯ ದಿನ. ರಕ್ತ ಬರುವುದು ಆಗ. ಪರಜೀವಿಯ ಮೊಟ್ಟೆಗಳು ಹಿಕ್ಕೆಯಲ್ಲಿ ಕಾಣುವುದು ಆರು, ಏಳನೆಯ ದಿನಕ್ಕೆ. ಅಂದರೆ ಮರಿ ಸಾಯುವ ದಿನ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಏನೂ ಕಾಣದಿರಬಹುದು. ‘ವರದಿ ನೆಗೆಟಿವ್’ ಎಂದು ಕೈ ತೊಳೆದುಕೊಳ್ಳುವವರು ಇದನ್ನು ಮರೆಯುತ್ತಾರೆ. ತದ್ವಿರುದ್ಧವೂ ಉಂಟು: ಗುಂಡುಗುಂಡಾಗಿ ಓಡಾಡುವ ಮರಿಯ ಹಿಕ್ಕೆಯಲ್ಲಿ ಬೇಕಾದಷ್ಟು ಮೊಟ್ಟೆ ಸಿಕ್ಕರೂ ಅದು ರೋಗವಲ್ಲ. ಕುಯ್ದು ನೋಡಿ, ಒಳಗೋಡೆ ಕೆರೆದು ಗಾಜಿನ ಮೇಲೆ ಹಚ್ಚಿದವನಿಗೆ ಮಾತ್ರ ಎರಡೂ ಒಟ್ಟಿಗೆ ಸಿಗುತ್ತವೆ.

ಬದುಕಿರುವ ಮರಿಯಲ್ಲಿ ಗುರುತಿಸುವುದಕ್ಕೆ ವಯಸ್ಸೇ ಮೊದಲ ಸುಳಿವು. ಮೊದಲೆರಡು ವಾರದಲ್ಲಿ ಸಾಯುತ್ತ, ಗುದದ ತುಪ್ಪಳಕ್ಕೆ ಸುಣ್ಣದಂಥ ಹಿಕ್ಕೆ ಮೆತ್ತಿದ್ದರೆ ಬಿಳಿ ಭೇದಿಯನ್ನು ಶಂಕಿಸಬೇಕು. ಮೂರರಿಂದ ಎಂಟು ವಾರ ರಕ್ತಭೇದಿಯ ಕಾಲ. ರೆಕ್ಕೆ ಜೋಲು ಬಿಟ್ಟು, ಗರಿ ಕೆದರಿ, ಕಣ್ಣು ಮುಚ್ಚಿ ಮೂಲೆಯಲ್ಲಿ ಗುಂಪುಗೂಡುತ್ತವೆ, ಜುಟ್ಟು ಬಿಳಿಚುತ್ತದೆ. ಇದೇ ವಯಸ್ಸಿಗೆ ನೀರುನೀರಾದ ಬಿಳಿ ಭೇದಿ, ನಡುಕ, ಮೂರ್ನಾಲ್ಕು ದಿನದಲ್ಲಿ ಏರಿ ಇಳಿಯುವ ಸಾವು ಕಂಡರೆ ಗಂಬೋರೊ. 1962ರಲ್ಲಿ ಅಮೆರಿಕದಲ್ಲಿ ಮೊದಲು ವಿವರಿಸಿದ ಈ ವೈರಸ್ ರೋಗ 1970ರ ದಶಕದಲ್ಲಿ ನಮ್ಮಲ್ಲೂ ದಾಖಲಾಯಿತು. ಹಸಿರು ಭೇದಿಯ ಜತೆ ಏದುಸಿರು, ತಿರುಚಿದ ಕತ್ತು ಇದ್ದರೆ ಅದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಅಲ್ಲಿ ಔಷಧಿಗೆ ದುಡ್ಡು ಸುರಿಯುವುದು ದಂಡ. ಇನ್ನು ಎಂಟು ಹತ್ತು ಹಿಕ್ಕೆಗೊಮ್ಮೆ ಬರುವ ಕಂದು ಬಣ್ಣದ, ಅಂಟಂಟಾದ, ನಾರುವ ಹಿಕ್ಕೆ ಕುರುಡು ಕರುಳಿನ ಸಹಜ ವಿಸರ್ಜನೆ. ಅದನ್ನು ಕಂಡು ಔಷಧಿ ಹಾಕಿದವರಿಗೆ ಲೆಕ್ಕವಿಲ್ಲ.

ಹಾಗಾದರೆ ನಾಟಿ ಕೋಳಿಗೆ ರೋಗವಿಲ್ಲ ಎಂಬ ಮಾತಿಗೆ ಬುಡವೇ ಇಲ್ಲವೇ? ಇದೆ. ಬುಡ ತಳಿಯಲ್ಲಿಲ್ಲ, ತಾಯಿಯಲ್ಲಿದೆ. ಹೇಂಟೆ ಎಂಟು ಹತ್ತು ಮರಿ ಕಟ್ಟಿಕೊಂಡು ದಿನವಿಡೀ ಜಾಗ ಬದಲಿಸುತ್ತ ಕೆದಕುತ್ತದೆ. ಮರಿಗೆ ದಿನಕ್ಕಿಷ್ಟು ಎಂಬಂತೆ ಸೋಂಕು ಸಿಗುತ್ತದೆ, ಬಿಸಿಲಿಗೆ ಒಣಗಿ ಅದರಲ್ಲೂ ಅರ್ಧ ಸಾಯುತ್ತದೆ. ಇಂಗ್ಲೆಂಡಿನ ಜಾಯ್ನರ್ ಮತ್ತು ನಾರ್ಟನ್ 1973ರಲ್ಲಿ ದಿನವೂ ಅತ್ಯಲ್ಪ ಪ್ರಮಾಣದ ಸೋಂಕು ಕೊಟ್ಟು ಗಟ್ಟಿ ಪ್ರತಿರೋಧ ಬೆಳೆಸಿ ತೋರಿಸಿದರು. ನಮ್ಮ ಅಜ್ಜಿಯರ ಹೇಂಟೆ ಮಾಡುತ್ತಿದ್ದದ್ದು ಅದೇ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಆಮೇಲೆ ಸ್ವರ್ಣಧಾರ, ಹೈದರಾಬಾದಿನ ವನರಾಜ ಬಂದಾಗ ಹಿತ್ತಿಲ ಲೆಕ್ಕ ಬದಲಾಯಿತು. ಒಳ್ಳೆಯ ಹಕ್ಕಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಷಿನ್ನಿನಲ್ಲಿ ಒಡೆದ ಮರಿಗೆ ತಾಯಿಯಿಲ್ಲ. ಐವತ್ತು, ನೂರು ಮರಿ ಒಂದೇ ಕೋಣೆಯಲ್ಲಿ, ಬಲ್ಬಿನ ಬಿಸಿಯಲ್ಲಿ, ಚೆಲ್ಲಿದ ನೀರಿಗೆ ಒದ್ದೆಯಾದ ಭತ್ತದ ಹೊಟ್ಟಿನ ಮೇಲೆ. ಬೆಚ್ಚಗೆ, ತೇವವಾಗಿ, ಗಾಳಿಯಾಡುತ್ತಿದ್ದರೆ ಪರಜೀವಿಯ ಮೊಟ್ಟೆ ಎರಡು ದಿನದೊಳಗೆ ಸೋಂಕಲು ಸಿದ್ಧ. ಫಿನೈಲ್ ಅದಕ್ಕೆ ನಾಟುವುದಿಲ್ಲ. ಇನ್ನೊಂದು ಎಡವಟ್ಟೂ ಉಂಟು: ಮೊದಲ ನಾಲ್ಕು ವಾರ ಅಂಗಡಿಯ ಸ್ಟಾರ್ಟರ್ ಮೇವು ಹಾಕುತ್ತಾರೆ, ಅದರಲ್ಲಿ ಎಷ್ಟೋ ಬಾರಿ ತಡೆಯೌಷಧಿ ಬೆರೆತಿರುತ್ತದೆ. ಖರ್ಚು ನೋಡಿ ದಿಢೀರನೆ ನುಚ್ಚಿಗೆ ಇಳಿಸಿದಾಗ ಔಷಧಿಯೂ ಹೋಯಿತು, ಪ್ರತಿರೋಧವೂ ಬೆಳೆದಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಹೊಸ ಹೆಸರುಗಳು ಬಹಳ ಬಂದಿವೆ, ಟಾಲ್ಟ್ರಾಝುರಿಲ್ ನಿಜಕ್ಕೂ ಬಲವಾದದ್ದು. ಆದರೂ ಹಿತ್ತಿಲಿಗೆ ನಾನು ಮೊದಲು ಬರೆಯುವುದು ಹಳೆಯ ಆಂಪ್ರೋಲಿಯಂ ಅನ್ನೇ. ಶೇ. 20ರ ಪುಡಿಯಾದರೆ ಲೀಟರು ನೀರಿಗೆ 1.2 ಗ್ರಾಂ, ಮೂರರಿಂದ ಐದು ದಿನ. ಆಮೇಲೆ ಅದರ ಕಾಲು ಭಾಗ, ಒಂದೆರಡು ವಾರ. ಆ ದಿನಗಳಲ್ಲಿ ಬೇರೆ ನೀರು ಇಡಬಾರದು. ಇದು ಪರಜೀವಿಗೆ ಥಯಮಿನ್ ಸಿಗದಂತೆ ಮಾಡಿ ಕೊಲ್ಲುವ ಔಷಧಿ. ‘ಶಕ್ತಿಗೆ’ ಎಂದು ಜತೆಯಲ್ಲೇ ಬಿ ಕಾಂಪ್ಲೆಕ್ಸ್ ಕೊಟ್ಟರೆ ಪರಜೀವಿಗೇ ಊಟ ಬಡಿಸಿದಂತೆ, ಇದನ್ನು ಮಾಡುವವರೇ ಹೆಚ್ಚು. ಸಲ್ಫಾ ಕೊಡುವುದಾದರೆ ವಿಟಮಿನ್ ಕೆ ಜತೆಗಿರಲಿ, ದಿನ ಮೀರದಿರಲಿ, ಮೀರಿದರೆ ಔಷಧಿಯೇ ರಕ್ತ ಹರಿಸುತ್ತದೆ. ಹಳದಿ ಪುಡಿ ಸಾಮಾನ್ಯವಾಗಿ ಟೆಟ್ರಾಸೈಕ್ಲಿನ್, ಅದಕ್ಕೂ ಈ ಪರಜೀವಿಗೂ ಸಂಬಂಧವಿಲ್ಲ. ಅಂಥದ್ದೇ ಇನ್ನೊಂದು ಆ್ಯಂಟಿಬಯೋಟಿಕ್ ಆದ ಕೊಲಿಸ್ಟಿನ್ ಅನ್ನು 2019ರಲ್ಲಿ ಭಾರತ ಸರ್ಕಾರ ಆಹಾರದ ಪ್ರಾಣಿಗಳಿಗೆ ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಒದ್ದೆ ಹೊಟ್ಟು ಕೆರೆದು ತೆಗೆದು, ನೀರಿನ ಪಾತ್ರೆಯನ್ನು ಇಟ್ಟಿಗೆಯ ಮೇಲಿಟ್ಟರೆ ಅರ್ಧ ಚಿಕಿತ್ಸೆ ಮುಗಿದ ಹಾಗೆ.

ಲಸಿಕೆಯ ಕಥೆ 1952ರ ಅಮೆರಿಕದ ಕಾಕ್ಸಿವ್ಯಾಕ್‌ನಿಂದ ಶುರು. ಜೀವಂತ ಪರಜೀವಿಯನ್ನೇ ಅಳೆದು ಕುಡಿಸುವ ಉಪಾಯ, ಆರೆಗಾನ್‌ನ ಜಾನ್ಸನ್ ಹೇಳಿದ್ದರ ಕಾರ್ಖಾನೆ ರೂಪ. 1975ರಲ್ಲಿ ಜೆಫರ್ಸ್, ಬೇಗ ಬಲಿತು ಕಡಿಮೆ ಹಾನಿ ಮಾಡುವ ಪರಜೀವಿ ತಳಿಗಳನ್ನು ಬೇರ್ಪಡಿಸಿದ ಮೇಲೆ ಸೌಮ್ಯ ಲಸಿಕೆಗಳೂ ಬಂದವು. ಇವು ಬರುವುದು ಸಾವಿರ ಮರಿಯ ಲೆಕ್ಕದಲ್ಲಿ, ಫ್ರೀಜರಿನಲ್ಲಲ್ಲ, ಫ್ರಿಜ್ಜಿನ ತಂಪಿನಲ್ಲಿ. ಇಪ್ಪತ್ತು ಮರಿಯ ಮನೆಗೆ ಸೀಸೆ ಒಡೆಯುವವರಾರು?

ಈಚಿನ ಎರಡು ದಶಕ ಅಣುಜೀವಶಾಸ್ತ್ರದವರದ್ದು. ಪಿಸಿಆರ್ ಒಂದೇ ಮಾದರಿಯಲ್ಲಿ ಐಮೇರಿಯಾದ ಏಳೂ ಪ್ರಭೇದ ಬಿಡಿಸಿ ಹೇಳುತ್ತದೆ, 2014ರಲ್ಲಿ ಟೆನೆಲ್ಲಾದ ಇಡೀ ಜೀನೋಮ್ ಹೊರಬಂತು. ಮರಿ ಏಕೆ ಸತ್ತಿತು ಎಂದು ಮಾತ್ರ ಅದು ಹೇಳುವುದಿಲ್ಲ. ಆದರೂ ಅದರಿಂದ ಒಂದು ದೊಡ್ಡ ಸಂಗತಿ ಹೊರಬಿತ್ತು. ಆಸ್ಟ್ರೇಲಿಯಾದಲ್ಲಿ ಮೊದಲು ಸುಳಿವು ಕೊಟ್ಟಿದ್ದ ಮೂರು ಅನಾಮಧೇಯ ಬಗೆಗಳಿಗೆ 2021ರಲ್ಲಿ ಲಾಟಾ, ನಾಗಾಂಬಿ, ಝಾರಿಯಾ ಎಂದು ಹೆಸರಿಡಲಾಯಿತು. ಏಳು ಪ್ರಭೇದ ಹತ್ತಾದವು, ಈಗಿನ ಲಸಿಕೆಗಳಿಗೆ ಈ ಮೂರೂ ಬಗ್ಗುವುದಿಲ್ಲ. ಇವು ಹೆಚ್ಚಾಗಿ ಸಿಗುವುದು ದಕ್ಷಿಣದ ಬಿಸಿ ನಾಡುಗಳಲ್ಲಿ, ಅಂದರೆ ನಮ್ಮಂಥ ಕಡೆ. ಮಂಡ್ಯದ್ದೋ ಯಾದಗಿರಿಯದ್ದೋ ಹಿತ್ತಿಲಲ್ಲಿ ಸತ್ತ ಮರಿಯಲ್ಲಿ ಇವುಗಳಲ್ಲಿ ಯಾವುದಿತ್ತೆಂದು ಹೇಳಬೇಕಾದರೆ ಆ ಮರಿ ಕೊಳೆಯುವ ಮುನ್ನ ಯಾರದಾದರೂ ಮೇಜಿಗೆ ಬರಬೇಕು. ತಾಲ್ಲೂಕು ಕೇಂದ್ರಕ್ಕೆ ಬಂದು ಹೋಗುವ ಬಸ್ ಚಾರ್ಜು ಮರಿಯ ಬೆಲೆಯಷ್ಟಾಗುತ್ತದೆ. ಬಂದರೂ ಅಲ್ಲಿ ಕತ್ತರಿ ಹಿಡಿಯುವ ಕೈ ಇರಬೇಕು. ಉಪ್ಪಿನ ದ್ರಾವಣ, ನಾಲ್ಕು ಗಾಜಿನ ಪಟ್ಟಿ, ಒಂದು ಸಾಧಾರಣ ಸೂಕ್ಷ್ಮದರ್ಶಕ, ದಿನಕ್ಕೆ ಅರ್ಧ ಗಂಟೆ ಬಿಡುವು: ಇಷ್ಟಕ್ಕೆ ಯಾವ ಯೋಜನೆಯಲ್ಲೂ ತಲೆಬರಹವಿಲ್ಲ. ಮರಿ ಹಂಚುವುದಕ್ಕೆ ಮಾತ್ರ ಪ್ರತಿ ವರ್ಷವೂ ಇರುತ್ತದೆ.