ನೀರಿನ ಜಾಡಿನಲ್ಲಿ ಹೆದ್ದಾರಿ: ವಿಜಯಪುರದಿಂದ ತಿಕೋಟಾ, ಮಮದಾಪುರದ ಕಡೆಗೆ

ವಿಜಯಪುರದ ರೈಲು ನಿಲ್ದಾಣದಿಂದ ಗೋಳಗುಮ್ಮಟದ ಮಗ್ಗುಲಲ್ಲಿ ಹಾದು, ಗಾಂಧಿ ಚೌಕ ದಾಟಿ, ಪಶ್ಚಿಮದ ಕೋಟೆಗೋಡೆಯ ಆಚೆ ತೊರವಿ, ತಿಕೋಟಾಗಳತ್ತ ಸಾಗುವ ಹಾದಿಯನ್ನು ಜನ ಒಂದೇ ರಸ್ತೆಯೆಂದು ಬಳಸುತ್ತಾರೆ. ಚರಿತ್ರೆಯ ಲೆಕ್ಕದಲ್ಲಿ ಅದು ಎರಡು. ಪಡುವಣ ಭಾಗವನ್ನು ರೂಢಿಗೆ ತಂದದ್ದು ನೀರು, ಮೂಡಣ ಭಾಗವನ್ನು ರೈಲು.

1565ರ ತಾಳೀಕೋಟೆ ಯುದ್ಧದ ಬಳಿಕ ವಿಜಯಪುರದ ಸುಲ್ತಾನ ಒಂದನೇ ಅಲಿ ಆದಿಲ್‌ಶಾಹ ಊರ ಸುತ್ತ ಕೋಟೆ ಕಟ್ಟಿಸಿದ. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಆ ಗೋಡೆಯೊಳಗೆ ಜನ ಹೆಚ್ಚಿದಂತೆ ಬಾವಿಗಳು ಸಾಲದಾದವು. ಪಕ್ಕದಲ್ಲಿ ನದಿಯೂ ಇಲ್ಲ. ಪಶ್ಚಿಮದ ತೊರವಿಯ ಎತ್ತರದ ನೆಲದಿಂದ ಸುರಂಗ ಕಾಲುವೆಯಲ್ಲಿ ನೀರು ತರಲಾಯಿತು. ಇಳಿಜಾರಿನ ನೀರಿಗೆ ದಿಕ್ಕು ತಪ್ಪುವ ಸ್ವಾತಂತ್ರ್ಯವಿಲ್ಲ. ಕಾಲುವೆಯನ್ನು ಕಾಯುವವರೂ ತೋಡುವವರೂ ಅದರ ಬೆನ್ನಿಗೇ ಓಡಾಡಬೇಕು. 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ಹೊಸ ಊರು ನವರಸಪುರಕ್ಕೆ ಇದೇ ದಿಕ್ಕನ್ನು ಆರಿಸಿಕೊಂಡದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ. 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ಸೇನೆ ಅದನ್ನು ಹಾಳುಗೆಡವಿತು. ಊರು ಹೋದರೂ ಹಾದಿ ಉಳಿಯಿತು. ಇದನ್ನು ಬರಿಯ ಸುಲ್ತಾನರ ಹಾದಿ ಎಂದುಕೊಳ್ಳಲೂಬಾರದು. ತೊರವೆ ರಾಮಾಯಣದ ಕುಮಾರ ವಾಲ್ಮೀಕಿಯ ಆರಾಧ್ಯ ದೈವ ನರಸಿಂಹನ ಗುಡಿ ಅದೇ ತೊರವಿಯಲ್ಲಿದೆ.

ಮಮದಾಪುರದ ಕಡೆಗೆ ಹೋಗುವ ಬಬಲೇಶ್ವರದ ದಾರಿಯಲ್ಲೂ ನೀರಿನದೇ ಮಾತು, ಆದರೆ ಇಲ್ಲಿ ನೀರು ರಾಜಧಾನಿಗೆ ಬರಲಿಲ್ಲ, ದೊರೆಯೇ ನೀರಿದ್ದಲ್ಲಿಗೆ ಹೋದ. ಮಮದಾಪುರದ ದೊಡ್ಡ ಕೆರೆ ಮಹಮ್ಮದ್ ಆದಿಲ್‌ಶಾಹನ (1627–1656) ಕಾಲದ್ದು. ಕೊಂಕಣದ ಹಸಿರಿಗೆ ಮನಸೋತ ಸುಲ್ತಾನ ಈ ಬಯಲಲ್ಲೂ ಅಂಥದೇ ನೆಲ ಬಯಸಿದ ಎಂಬ ಪ್ರತೀತಿಯಿದೆ. ಪ್ರತೀತಿಯನ್ನು ನಂಬುವುದು ಬಿಡುವುದು ಓದುಗರ ಇಷ್ಟ. ಕಪ್ಪು ಎರೆಯ ಬಯಲಿನಲ್ಲಿ ಅಷ್ಟು ದೊಡ್ಡ ಏರಿಗೆ ಕಲ್ಲು ಸಾಗಿಸಲು ಬಂಡಿಜಾಡು ಬಿದ್ದಿರಲೇಬೇಕು ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

1686ರಲ್ಲಿ ಔರಂಗಜೇಬನಿಗೆ ವಿಜಯಪುರ ಸೋತ ಮೇಲೆ ರಾಜಧಾನಿಯ ಗದ್ದಲ ಅಡಗಿತು. ಮತ್ತೆ ಚಲನೆ ಬಂದದ್ದು 1884ರಲ್ಲಿ, ಹೊಟಗಿ–ಗದಗ ರೈಲು ಮಾರ್ಗದಿಂದ. ನಿಲ್ದಾಣ ಊರ ಪೂರ್ವಕ್ಕೆ ಬಂತು. ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದು, ಆದಿಲ್‌ಶಾಹಿ ಮಹಲುಗಳಲ್ಲಿ ಬ್ರಿಟಿಷರ ಕಚೇರಿಗಳು ಕೂತವು. ಪಶ್ಚಿಮದ ಹಳ್ಳಿಗಳವರು ಕಚೇರಿಗೂ ರೈಲಿಗೂ ಕೋಟೆಯೊಳಗಿನ ಊರನ್ನೇ ಹಾಯಬೇಕಾಯಿತು. ಎರಡು ಹಾದಿ ಒಂದಾದದ್ದು ಹೀಗೆ.

ಹೆದ್ದಾರಿ ಸಂಖ್ಯೆಗಳು ಬಂದದ್ದು ಬಹಳ ತಡವಾಗಿ. ತಿಕೋಟಾ ಮೇಲಿನ ಅಥಣಿ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 548ಬಿಯ ಭಾಗ. ತಿಕೋಟಾ ಸೀಮೆಯ ಒಣದ್ರಾಕ್ಷಿ ಸಾಂಗಲಿ, ತಾಸಗಾಂವ ಪೇಟೆಗಳಿಗೆ ಹೋಗುವುದು ಪಶ್ಚಿಮಕ್ಕೇ. ಬಬಲೇಶ್ವರ ರಸ್ತೆ ಜಮಖಂಡಿಯತ್ತ ಕೃಷ್ಣೆಗೆ ಇಳಿಯುತ್ತದೆ. ಅಲ್ಲಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ಬ್ಯಾರೇಜು ಕಟ್ಟಿದರು. ಆಮೇಲೆ ಬಂದ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆ ಕೃಷ್ಣೆಯ ನೀರನ್ನು ಪಂಪುಗಳಿಂದ ಬಬಲೇಶ್ವರ, ತಿಕೋಟಾಗಳ ಎತ್ತರದ ಹೊಲಗಳಿಗೆ ಏರಿಸುತ್ತದೆ. ಅಲಿ ಆದಿಲ್‌ಶಾಹನ ನೀರು ಪಶ್ಚಿಮದಿಂದ ಊರಿಗೆ ಇಳಿದು ಬರುತ್ತಿತ್ತು. ಈ ನೀರು ದಕ್ಷಿಣದಿಂದ ಪಶ್ಚಿಮದ ದಿನ್ನೆಗಳಿಗೆ ಹತ್ತಿ ಹೋಗುತ್ತದೆ.