ಹೆರೆಫರ್ಡ್ ಎಂಬ ಗೂಳಿಯ ಏಳುಬೀಳು

ಇಂಗ್ಲೆಂಡಿನ ಫುಟ್‌ಬಾಲ್ ಅಂದರೆ ನಮಗೆಲ್ಲ ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್, ಲಿವರ್‌ಪೂಲ್ ಅಷ್ಟೇ. ಆದರೆ ಅಲ್ಲಿ ಮೇಲಿನ ನಾಲ್ಕು ಡಿವಿಜನ್‌ಗಳ ಕೆಳಗೆ ಇನ್ನೊಂದು ಲೋಕವೇ ಇದೆ. ಅದಕ್ಕೆ ನಾನ್-ಲೀಗ್ ಅಂತಾರೆ. ವಾರವಿಡೀ ಬೇರೆ ಕೆಲಸ ಮಾಡಿ ಶನಿವಾರ ಆಡುವವರೇ ಹೆಚ್ಚಾಗಿರುವ ಲೋಕ. ಅಲ್ಲಿಂದ ಮೇಲೆ ಬಂದು, ಬಿದ್ದು, ಸತ್ತು, ಮತ್ತೆ ಹುಟ್ಟಿದ ಒಂದು ಕ್ಲಬ್ಬಿನ ಕಥೆ ಇದು.

ವೇಲ್ಸ್ ಗಡಿಯ ಹತ್ತಿರ ಹೆರೆಫರ್ಡ್ ಅನ್ನೋ ಊರಿದೆ. ಹೆಸರಿಗೆ ಸಿಟಿ, ನೋಡಲು ಸಣ್ಣ ಊರು. ಬಿಳಿ ಮುಖ, ಕೆಂಪು ಮೈಯ ಹೆರೆಫರ್ಡ್ ತಳಿಯ ದನ ಈ ಸೀಮೆಯದೇ. ಹೆರೆಫರ್ಡ್ ಯುನೈಟೆಡ್ ಶುರುವಾದದ್ದು 1924ರಲ್ಲಿ, ಮೈದಾನ ಎಡ್ಗರ್ ಸ್ಟ್ರೀಟ್. ದೊಡ್ಡ ಪಂದ್ಯವಿದ್ದರೆ ಮೊದಲು ನಿಜವಾದ ಗೂಳಿಯೊಂದನ್ನು ಮೈದಾನದ ಸುತ್ತ ನಡೆಸುತ್ತಾರೆ. ಥೇಟ್ ನಮ್ಮ ಜಾತ್ರೆಯ ಬಸವನ ಹಾಗೆ :-)

5 ಫೆಬ್ರವರಿ 1972. ಎಫ್.ಎ. ಕಪ್ ಮೂರನೇ ಸುತ್ತು. ಎದುರಾಳಿ ಮೊದಲ ಡಿವಿಜನ್ನಿನ ನ್ಯೂಕಾಸಲ್. ಅವರ ಊರಲ್ಲೇ 2-2 ಡ್ರಾ ಮಾಡಿ ಬಂದಿದ್ದರಿಂದ ಈಗ ಹೆರೆಫರ್ಡ್‌ನಲ್ಲಿ ಮರುಪಂದ್ಯ. ಎಂಟು ನಿಮಿಷವಷ್ಟೇ ಉಳಿದಿರುವಾಗ ಮಾಲ್ಕಮ್ ಮ್ಯಾಕ್‌ಡೊನಾಲ್ಡ್ ಗೋಲು ಹೊಡೆದ. ಮುಗೀತು ಅಂದುಕೊಳ್ಳುವಷ್ಟರಲ್ಲಿ, ಕೆಸರುಗದ್ದೆಯಂತಾಗಿದ್ದ ಮೈದಾನದಲ್ಲಿ ರೋನಿ ರಾಡ್‌ಫರ್ಡ್ ತುಂಬಾ ದೂರದಿಂದ ಒದ್ದ ಚೆಂಡು ಗೋಲಿನ ಮೂಲೆ ಸೇರಿತು. ಈತ ಬಡಗಿ ಕೆಲಸ ಮಾಡುತ್ತಿದ್ದ ಆಟಗಾರ! ಹೆಚ್ಚುವರಿ ಸಮಯದಲ್ಲಿ ಬದಲಿ ಆಟಗಾರ ರಿಕಿ ಜಾರ್ಜ್ ಇನ್ನೊಂದು ಹೊಡೆದ. 2-1. ಜನ ಮೈದಾನಕ್ಕೆ ನುಗ್ಗಿದರು. ಆ ದಿನ ಬಿಬಿಸಿಗೆ ಕಾಮೆಂಟರಿ ಹೇಳಿದ ಜಾನ್ ಮೋಟ್ಸನ್ ಕೂಡ ಆಮೇಲೆ ಮನೆಮಾತಾದರು.

ಆದರೆ ಲೀಗ್ ಸೇರೋಕೆ ಆಗ ಗೆದ್ದರೆ ಮಾತ್ರ ಸಾಲುತ್ತಿರಲಿಲ್ಲ. ಒಳಗಿದ್ದ ಕ್ಲಬ್ಬುಗಳು ಓಟು ಹಾಕಬೇಕಿತ್ತು! 1972ರ ಬೇಸಿಗೆಯಲ್ಲಿ ಹೆರೆಫರ್ಡ್‌ಗೂ ಹಡಗು ಕಟ್ಟುವ ಊರಿನ ಬ್ಯಾರೋ ಕ್ಲಬ್ಬಿಗೂ ಮೊದಲ ಸುತ್ತಿನಲ್ಲಿ ಸಮ ಓಟು. ಮರು ಓಟಿನಲ್ಲಿ ಹೆರೆಫರ್ಡ್ ಒಳಗೆ, ಬ್ಯಾರೋ ಹೊರಗೆ. ಬ್ಯಾರೋ ಮತ್ತೆ ಲೀಗಿಗೆ ಬಂದದ್ದು 2020ರಲ್ಲಿ. 48 ವರ್ಷ! ಒಂದೂರಿನ ಹಬ್ಬ ಇನ್ನೊಂದೂರಿನ ಸೂತಕ ಅಂದರೆ ಇದೇ ಇರಬೇಕು.

ಹೆರೆಫರ್ಡ್ ಮೊದಲಿಗೆ ಓಡಿದ್ದೇ ಓಡಿದ್ದು. 1973ರಲ್ಲಿ ಮೂರನೇ ಡಿವಿಜನ್, 1976ರಲ್ಲಿ ಎರಡನೆಯದು. ಅಷ್ಟೇ ವೇಗವಾಗಿ ಇಳಿದು 1978ಕ್ಕೆ ಮತ್ತೆ ನಾಲ್ಕನೆಯದಕ್ಕೆ.

ನನ್ನನ್ನು ಹೆಚ್ಚು ಕಾಡೋದು 3 ಮೇ 1997. ಕೊನೆಯ ಪಂದ್ಯ, ಎದುರಾಳಿ ಬ್ರೈಟನ್. ಗೆದ್ದರೆ ಹೆರೆಫರ್ಡ್ ಉಳಿಯುತ್ತಿತ್ತು. ಆದದ್ದು 1-1 ಡ್ರಾ. ಇಬ್ಬರಿಗೂ 47 ಅಂಕ. ಗೋಲುಗಳ ಅಂತರ ನೋಡಿದರೆ ಹೆರೆಫರ್ಡೇ ಮೇಲು (ಮೈನಸ್ 15, ಬ್ರೈಟನ್‌ಗೆ ಮೈನಸ್ 17). ಆದರೆ ಆಗಿನ ನಿಯಮದಲ್ಲಿ ಮೊದಲು ಲೆಕ್ಕಕ್ಕೆ ಬರುತ್ತಿದ್ದದ್ದು ಹೊಡೆದ ಗೋಲು. ಬ್ರೈಟನ್ 53, ಹೆರೆಫರ್ಡ್ 50. ಬರೀ ಮೂರು ಗೋಲು! 25 ವರ್ಷಗಳ ಲೀಗ್ ಬದುಕು ಅಲ್ಲಿಗೆ ಮುಗಿಯಿತು. ಬ್ರೈಟನ್ 2017ರಲ್ಲಿ ಪ್ರೀಮಿಯರ್ ಲೀಗ್ ಸೇರಿತು, 2023ರಲ್ಲಿ ಯುರೋಪಿನಲ್ಲೂ ಆಡಿತು. ಅಂದು ಒಳಗೆ ಕರೆದದ್ದೂ ಓಟಿನ ಲೆಕ್ಕ, ಈಗ ಹೊರಗೆ ಹಾಕಿದ್ದೂ ಒಂದು ಲೆಕ್ಕ.

2006ರಲ್ಲಿ ಗ್ರಹಾಮ್ ಟರ್ನರ್ ಕೈಕೆಳಗೆ ತಂಡ ಲೀಗಿಗೆ ಮರಳಿತು. 2008ರಲ್ಲಿ ಇನ್ನೊಂದು ಮೆಟ್ಟಿಲು. 2012ರಲ್ಲಿ ಮತ್ತೆ ಹೊರಗೆ. ಕೊನೆಗೆ ಮುಳುಗಿಸಿದ್ದು ಆಟವಲ್ಲ, ಸಾಲ. 2014ರಲ್ಲಿ ಕೊನೆಯ ದಿನ ಮೈದಾನದಲ್ಲಿ ಬಚಾವಾದರೂ, ಬಾಕಿ ತೀರಿಸಲಿಲ್ಲವೆಂದು ಕಾನ್ಫರೆನ್ಸ್‌ನಿಂದ ಹೊರಹಾಕಿದರು. ಹೊಸ ಮಾಲೀಕರ ಮೇಲೆ ಮುನಿದ ಅಭಿಮಾನಿಗಳು ಪಂದ್ಯಗಳಿಗೇ ಹೋಗಲಿಲ್ಲ. 19 ಡಿಸೆಂಬರ್ 2014ರಂದು ಲಂಡನ್ನಿನ ಹೈಕೋರ್ಟ್ ಕ್ಲಬ್ಬನ್ನು ಮುಚ್ಚಿಸಿತು. ಯೋಚನೆ ಮಾಡಿ.. ತಾವು ಪ್ರೀತಿಸಿದ ಕ್ಲಬ್ಬಿನ ಗೇಟಿನ ಹೊರಗೇ ಉಳಿಯೋಕೆ ಎಷ್ಟು ಗಟ್ಟಿ ಮನಸ್ಸು ಬೇಕು!

ಆದರೆ ಮುಚ್ಚಿದ್ದು ಕಂಪನಿ ಮಾತ್ರ. ಮೈದಾನದ ಜಾಗ ಸ್ಥಳೀಯ ಕೌನ್ಸಿಲ್ಲಿನದು. ಅಭಿಮಾನಿಗಳ ಟ್ರಸ್ಟ್ ಮತ್ತು ಊರಿನ ಕೆಲವು ಉದ್ಯಮಿಗಳು ಸೇರಿ ಹೆರೆಫರ್ಡ್ ಎಫ್.ಸಿ. ಕಟ್ಟಿದರು. ಅದೇ ಮೈದಾನ, ಅದೇ ಬಿಳಿ-ಕಪ್ಪು ಬಣ್ಣ, ಅದೇ ಗೂಳಿ. ಹೆಸರಿನಲ್ಲಿ ಇಲ್ಲದ 'ಯುನೈಟೆಡ್' ಲಾಂಛನದಲ್ಲಿ ಉಳಿಯಿತು: 'ಫಾರೆವರ್ ಯುನೈಟೆಡ್'. 2015ರಲ್ಲಿ ಮಿಡ್‌ಲ್ಯಾಂಡ್ ಲೀಗ್‌ನಿಂದ ಶುರು ಮಾಡಿ ಮೂರು ವರ್ಷದಲ್ಲಿ ಮೂರು ಬಡ್ತಿ. ಮೊದಲ ವರ್ಷವೇ ಎಫ್.ಎ. ವೇಸ್ ಫೈನಲ್ಲಿಗೆ ವೆಂಬ್ಲಿ! ಮಾರ್ಪೆತ್ ಟೌನ್ ಎದುರು 4-1ರಿಂದ ಸೋತರು. ಆದರೂ ಸಾವಿರಾರು ಜನ ಊರಿಗೆ ಊರೇ ಎದ್ದು ಹೋಗಿತ್ತು.

ರಾಡ್‌ಫರ್ಡ್ 2022ರಲ್ಲಿ ತೀರಿಕೊಂಡರು, ಮೋಟ್ಸನ್ 2023ರಲ್ಲಿ. ಆ ಗೋಲು ಮಾತ್ರ ಪ್ರತಿ ವರ್ಷ ಎಫ್.ಎ. ಕಪ್ ಬಂದಾಗ ಟೀವಿಯಲ್ಲಿ ಮತ್ತೆ ಮತ್ತೆ ಬರುತ್ತೆ. ಅಷ್ಟಕ್ಕೂ ಕ್ಲಬ್ ಅಂದರೆ ಯಾವುದು? ಕೋರ್ಟಿನಲ್ಲಿ ನೋಂದಣಿಯಾದ ಹೆಸರಾ, ಶನಿವಾರ ಮಧ್ಯಾಹ್ನ ಅದೇ ಜಾಗದಲ್ಲಿ ಬಂದು ನಿಲ್ಲುವ ಜನವಾ? ಹೆರೆಫರ್ಡ್‌ನವರು ಉತ್ತರ ಕೊಟ್ಟಾಗಿದೆ. ನಿಮಗೇನನ್ನಿಸುತ್ತೆ, ಹೇಳಿ.