ಹಸ್ತಪ್ರತಿಯನ್ನು ತಿದ್ದಿದವರು

ಕಾದಂಬರಿಯ ಮುಖಪುಟದಲ್ಲಿ ಒಂದೇ ಹೆಸರಿರುತ್ತದೆ. ಆ ಹೆಸರಿನವರು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಕುಳಿತು ಬರೆದರೆಂದು ನಾವು ನಂಬುತ್ತೇವೆ. ತರಗತಿಯಲ್ಲಿ ಮಕ್ಕಳಿಗೂ ಹಾಗೆಯೇ ಹೇಳುತ್ತೇವೆ. ಆದರೆ ಇಂಗ್ಲಿಷ್ ಕಾದಂಬರಿಯ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಲೇಖಕನಿಗೂ ಅಚ್ಚುಕೂಟಕ್ಕೂ ನಡುವೆ ಮತ್ತೊಬ್ಬನು ಕುಳಿತಿರುವುದು ಕಾಣುತ್ತದೆ. ಅವನ ಕೆಲಸ ಕಾಗುಣಿತ ತಿದ್ದುವುದಲ್ಲ. ಕಥೆ ಎಲ್ಲಿ ಸೊರಗಿದೆ, ಯಾವ ಪಾತ್ರ ನಡುದಾರಿಯಲ್ಲಿ ಕಳೆದುಹೋಗಿದೆ, ಯಾವ ಅಧ್ಯಾಯ ಇಲ್ಲದಿದ್ದರೂ ಸಾಗುತ್ತದೆ ಎಂಬುದನ್ನು ನೋಡಿ ಹೇಳುವುದು. ಇಂದು ಇದೇ ಕೆಲಸವನ್ನು ಯಾವ ಪ್ರಕಾಶನ ಸಂಸ್ಥೆಗೂ ಸೇರದೆ, ಲೇಖಕರಿಂದಲೇ ಸಂಭಾವನೆ ಪಡೆದು ಮಾಡುವ ಸ್ವತಂತ್ರ ಸಂಪಾದಕರು ಇಂಗ್ಲೆಂಡ್ ಅಮೆರಿಕಗಳಲ್ಲಿ ಬಹುಮಂದಿ ಇದ್ದಾರೆ. ಅವರ ವೃತ್ತಿಯ ಹಿರಿಯರನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇವರನ್ನು ಪ್ರಕಾಶಕರ ವಾಚಕರೆಂದು ಕರೆಯುತ್ತಿದ್ದರು. ಕಾದಂಬರಿಕಾರ ಜಾರ್ಜ್ ಮೆರೆಡಿತ್ ಅವರು ಚಾಪ್‌ಮನ್ ಅಂಡ್ ಹಾಲ್ ಸಂಸ್ಥೆಗೆ ಹಲವು ವರ್ಷ ಹೀಗೆ ದುಡಿದರು. 1869ರಲ್ಲಿ ಅವರು ತರುಣ ಥಾಮಸ್ ಹಾರ್ಡಿಯನ್ನು ಕಂಡು, ಶ್ರೀಮಂತ ಸಮಾಜವನ್ನು ಕಟುವಾಗಿ ಮೂದಲಿಸುವ ಈ ಮೊದಲ ಕಾದಂಬರಿಯನ್ನು ಅಚ್ಚು ಮಾಡಿಸಬೇಡಿ, ಕಥಾಸಂವಿಧಾನ ಇನ್ನಷ್ಟು ಬಿಗಿಯಾಗಿರುವ ಬೇರೊಂದನ್ನು ಬರೆಯಿರಿ ಎಂದು ಬುದ್ಧಿ ಹೇಳಿದರು. ಹಾರ್ಡಿ ಕೇಳಿದರು. 1871ರಲ್ಲಿ ಬಂದ 'ಡೆಸ್ಪರೇಟ್ ರೆಮಿಡೀಸ್' ಓದಿದರೆ ಸಲಹೆಯನ್ನು ಸ್ವಲ್ಪ ಅತಿಯಾಗಿಯೇ ಪಾಲಿಸಿದರೆನ್ನಬೇಕು. ಮೆರೆಡಿತ್ ತಪ್ಪಿದ್ದೂ ಉಂಟು. ಅವರು ಬೇಡವೆಂದ 'ಈಸ್ಟ್ ಲಿನ್' 1861ರಲ್ಲಿ ಬೇರೆಯವರಿಂದ ಪ್ರಕಟವಾಗಿ ಮನೆಮಾತಾಯಿತು.

ಈ ಸಾಲಿನಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ಸೆಳೆದವರು ಎಡ್ವರ್ಡ್ ಗಾರ್ನೆಟ್ (1868-1937). ರಷ್ಯನ್ ಕಾದಂಬರಿಗಳನ್ನು ಇಂಗ್ಲಿಷಿಗೆ ತಂದ ಕಾನ್ಸ್ಟನ್ಸ್ ಗಾರ್ನೆಟ್ ಅವರ ಪತ್ನಿ. ಫಿಶರ್ ಅನ್ವಿನ್, ಹೈನೆಮನ್, ಡಕ್‌ವರ್ತ್, ಜೊನಾಥನ್ ಕೇಪ್ ಎಂದು ಒಬ್ಬರಾದ ಮೇಲೊಬ್ಬರ ಬಳಿ ದುಡಿದು, ಕೆಂಟ್ ಪ್ರಾಂತದ ಕಾಡಂಚಿನ ತಮ್ಮ ಮನೆಗೆ ಹಸ್ತಪ್ರತಿಗಳ ಕಟ್ಟುಗಳನ್ನು ಹೊತ್ತು ತಂದು ಓದುತ್ತಿದ್ದರು. ಸ್ವಂತವಾಗಿ ಕಾದಂಬರಿ ನಾಟಕಗಳನ್ನೂ ಬರೆದರು; ಅವನ್ನು ಇಂದು ಓದುವವರು ವಿರಳ.

1894ರಲ್ಲಿ ಪೋಲೆಂಡ್ ಮೂಲದ ಹಡಗಿನ ಅಧಿಕಾರಿಯೊಬ್ಬರ ಹಸ್ತಪ್ರತಿ ಫಿಶರ್ ಅನ್ವಿನ್ ಸಂಸ್ಥೆಗೆ ಬಂತು. ಅದು ಜೋಸೆಫ್ ಕಾನ್ರಾಡರ 'ಆಲ್ಮೇಯರ್ಸ್ ಫಾಲಿ'. ಕಾನ್ರಾಡರಿಗೆ ಮತ್ತೆ ಸಮುದ್ರಕ್ಕೆ ಹೋಗುವ ಮನಸ್ಸಿತ್ತು. ಗಾರ್ನೆಟ್ 'ಇನ್ನು ಬರೆಯುತ್ತಲೇ ಇರಿ' ಎನ್ನದೆ, ಇನ್ನೊಂದನ್ನು ಬರೆಯಬಾರದೇಕೆ ಎಂದಷ್ಟೇ ಕೇಳಿದರಂತೆ. ಮೊದಲಿನ ಮಾತಾಗಿದ್ದರೆ ತಾವು ಹೆದರುತ್ತಿದ್ದೆವು, ಒಂದೇ ಒಂದು ಎಂದುದರಿಂದ ಧೈರ್ಯ ಬಂತು ಎಂದು ಕಾನ್ರಾಡರು ಮುಂದೆ ನೆನೆದಿದ್ದಾರೆ. ದಡ್ಡನೆನಿಸಿಕೊಂಡ ಹುಡುಗನ ಕೈಯಲ್ಲಿ ಒಂದು ಲೆಕ್ಕ ಮಾಡಿಸಿದ ಉಪಾಧ್ಯಾಯರಿಗೆ ಇದರ ಬೆಲೆ ಗೊತ್ತಿರುತ್ತದೆ.

ಡಿ. ಎಚ್. ಲಾರೆನ್ಸರ ಪ್ರಸಂಗ ಇಷ್ಟು ಸುಖದ್ದಲ್ಲ. 1912ರಲ್ಲಿ ಹೈನೆಮನ್ ತಿರಸ್ಕರಿಸಿದ 'ಪಾಲ್ ಮೊರೆಲ್' ಎಂಬ ಹಸ್ತಪ್ರತಿಗೆ ಗಾರ್ನೆಟ್ ವಿವರವಾದ ಟಿಪ್ಪಣಿ ಬರೆದುಕೊಟ್ಟರು. ಲಾರೆನ್ಸ್ ಇಟಲಿಯ ಗಾರ್ಡಾ ಸರೋವರದ ದಡದಲ್ಲಿ ಕುಳಿತು ಅದನ್ನು ಪುನಃ ಬರೆದರು. ಹೆಸರು 'ಸನ್ಸ್ ಅಂಡ್ ಲವರ್ಸ್' ಎಂದಾಯಿತು. ಅಷ್ಟಾದರೂ ಗ್ರಂಥ ಉದ್ದವೆಂದು ಗಾರ್ನೆಟ್ ತಾವೇ ಕತ್ತರಿ ಹಿಡಿದು ಸುಮಾರು ಹತ್ತರಲ್ಲೊಂದು ಭಾಗವನ್ನು ತೆಗೆದುಹಾಕಿದರು. ಲಾರೆನ್ಸರಿಗೆ ನೋವಾಯಿತು. ಆದರೆ ಕೈಯಲ್ಲಿ ಕಾಸಿಲ್ಲ. ಡಕ್‌ವರ್ತ್ ಕೊಡುವ 100 ಪೌಂಡು ಮುಂಗಡ ಬೇಕೇ ಬೇಕು. ಒಪ್ಪಿಕೊಂಡರು. 1913ರಲ್ಲಿ ಪ್ರಕಟವಾದ ಗ್ರಂಥವನ್ನು ಗಾರ್ನೆಟ್ಟರಿಗೇ ಅರ್ಪಿಸಿದರು. ಅದು ಕೃತಜ್ಞತೆಯೋ ಸಂಕಟವೋ, ಎರಡೂ ಇದ್ದೀತು.

ಕತ್ತರಿಸಿದ ಭಾಗಗಳನ್ನೆಲ್ಲ ಸೇರಿಸಿದ ಪೂರ್ಣಪಾಠ ಹೊರಬಂದದ್ದು 1992ರಲ್ಲಿ, ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ. ಎರಡು ಪಾಠಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ನಮಗೆ ಎರಡು ಮನಸ್ಸಾಯಿತು. ಚಿಕ್ಕ ಪಾಠ ಚುರುಕಾಗಿ ಓಡುತ್ತದೆ, ನಿಜ. ಆದರೆ ಹೋದದ್ದರಲ್ಲಿ ಅಣ್ಣ ವಿಲಿಯಮನ ಪಾಲು ಹೆಚ್ಚು. ಅವನು ಸಣ್ಣವನಾದ ಮೇಲೆ ಗ್ರಂಥದ ಹೆಸರಿನಲ್ಲಿ 'ಪುತ್ರರು' ಎಂಬ ಬಹುವಚನಕ್ಕೇ ಆಧಾರ ತೆಳುವಾಯಿತು. ತಾಯಿಯ ಪ್ರೀತಿ ಮೊದಲು ಹಿರಿಯವನನ್ನು, ಆಮೇಲೆ ಕಿರಿಯವನನ್ನು ಹಿಡಿದ ಕಥೆ, ಮುಖ್ಯವಾಗಿ ಕಿರಿಯವನೊಬ್ಬನದೇ ಆಗಿ ತೋರಿತು. ಲೇಖಕರು ತಾವಾಗಿ ಒಪ್ಪಿದ್ದರೆ ಆ ಮಾತು ಬೇರೆ.

ಮುಂದಿನ ಕಾದಂಬರಿಯ ಕರಡನ್ನು ಗಾರ್ನೆಟ್ ಮೆಚ್ಚಲಿಲ್ಲ. ಪಾತ್ರವೆಂದರೇನೆಂಬ ತಮ್ಮ ಕಲ್ಪನೆಯೇ ಬದಲಾಗಿದೆಯೆಂದು ಲಾರೆನ್ಸ್ 1914ರಲ್ಲಿ ಅವರಿಗೆ ಕಾಗದ ಬರೆದು, ಬೇರೆ ಪ್ರಕಾಶಕರ ಬಳಿಗೆ ಹೋದರು. ಅದೇ 1915ರ 'ದಿ ರೇನ್‌ಬೋ'. ಜೇಮ್ಸ್ ಜಾಯ್ಸರ 'ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆಸ್ ಎ ಯಂಗ್ ಮ್ಯಾನ್' ಕೃತಿಗೂ ಗಾರ್ನೆಟ್ಟರ ವರದಿ ಪ್ರತಿಕೂಲವಾಗಿಯೇ ಇತ್ತು. ಹೊಸ ದಾರಿ ಎದುರಾದಾಗ ಇಂಥ ಕಿವಿಯೂ ಮಂದವಾಗಬಲ್ಲದು.

ಗಾರ್ನೆಟ್ಟರಿಗೆ ಸಂಬಳ ಬರುತ್ತಿದ್ದುದು ಪ್ರಕಾಶಕರಿಂದ. ಮುಂದೆ ಪ್ರಕಾಶನ ಸಂಸ್ಥೆಗಳು ಇಂಥ ಕೆಲಸವನ್ನು ಹೊರಗಿನವರಿಗೆ ಬಿಡತೊಡಗಿದವು. ತಮ್ಮ ಗ್ರಂಥಗಳನ್ನು ತಾವೇ ಪ್ರಕಟಿಸುವ ಲೇಖಕರೂ ಹೆಚ್ಚಿದರು. ಸ್ವತಂತ್ರ ಸಂಪಾದಕರು ಅಮೆರಿಕದಲ್ಲಿ 1970ರಲ್ಲಿ, ಇಂಗ್ಲೆಂಡಿನಲ್ಲಿ 1988ರಲ್ಲಿ ಸಂಘ ಕಟ್ಟಿಕೊಂಡರು. ಈಗಿನ ಪದ್ಧತಿಯಲ್ಲಿ ಸಂಪಾದಕನು ಹಸ್ತಪ್ರತಿಯನ್ನೆಲ್ಲ ಓದಿ ಹಲವು ಪುಟಗಳ ಪತ್ರ ಬರೆಯುತ್ತಾನೆ. ಅಂಚಿನಲ್ಲಿ ಪ್ರಶ್ನೆ ಹಾಕುತ್ತಾನೆ. ಸಂಭಾವನೆಯನ್ನು ಅನೇಕರು ಪದಗಳ ಲೆಕ್ಕದಲ್ಲಿ ಗೊತ್ತುಮಾಡುತ್ತಾರೆ. ತಿದ್ದುವವನು ಲೇಖಕನೇ, ಬೇಡವೆಂದರೆ ಬಿಡಬಹುದು. ಲಾರೆನ್ಸರಿಗೆ ಇಲ್ಲದಿದ್ದ ಈ ಹಕ್ಕು ದೊಡ್ಡದು.

ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಮೆರೆಡಿತ್ ಹಾರ್ಡಿಯಿಂದ ಕಾಸು ಪಡೆದಿರಲಿಲ್ಲ. ಆದ್ದರಿಂದ ಇದನ್ನು ಅಚ್ಚು ಮಾಡಿಸಬೇಡಿ ಎನ್ನಲು ಅವರ ನಾಲಗೆ ತಡವರಿಸಲಿಲ್ಲ. ತಿಂಗಳ ಅಕ್ಕಿಬೇಳೆ ಅದೇ ಲೇಖಕನ ಹಣದಿಂದ ಬರಬೇಕಾದಾಗ ಆ ಮಾತು ಅಷ್ಟು ಸಲೀಸಾಗಿ ಬಾರದು. ಕಾಸಿನ ಸಂಬಂಧವೇ ಇಲ್ಲದ ನಾವೂ ಮಿತ್ರರೊಬ್ಬರು ನಂಬಿ ಕೊಟ್ಟ ಕಾದಂಬರಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳನ್ನಷ್ಟೇ ತಿದ್ದಿ, 'ಬಹಳ ಸೊಗಸಾಗಿದೆ' ಎಂದು ಹಿಂದಿರುಗಿಸಿದ್ದೇವೆ. ಅದರ ನಡುವಿನ ಐದು ಅಧ್ಯಾಯಗಳು ಸಾಗುವುದೇ ಇಲ್ಲವೆಂಬುದು ನಮಗೆ ಆಗಲೂ ಗೊತ್ತಿತ್ತು.